ಅಕ್ಕನ ಕೈಬರಹ

ಮಾರ್ಚ್ 3, ಸೋಮವಾರ

ಏಳನೇ ಡಬ್ಬ ಮುಗಿಯಿತು. ಬಿಸ್ಕತ್ತಿನ ತಗಡಿನ ಡಬ್ಬಗಳು, ಒಟ್ಟು ಹತ್ತೊಂಬತ್ತು. ಎಲ್ಲದರಲ್ಲೂ ಅಕ್ಕನಿಗೆ ಬಂದ ಕಾಗದಗಳು. ತುಕ್ಕು ಹಿಡಿದ ಪಿನ್ನು ತೆಗೆಯುವುದು, ವರ್ಷದ ಪ್ರಕಾರ ಜೋಡಿಸುವುದು, ದಾರ ಕಟ್ಟುವುದು. ಹತ್ತರಿಂದ ಒಂದು. ಊಟ. ಮತ್ತೆ ಮೂರರಿಂದ.

ಅಕ್ಕ ಹೋಗಿ ನಲವತ್ತೇಳು ದಿನ. ಅಳು ಬಂದಿಲ್ಲ. ನೋಡಲು ಬಂದವರೆಲ್ಲ ನನ್ನ ಮುಖವನ್ನೇ ನೋಡುತ್ತ ಕೂರುತ್ತಿದ್ದರು, ನಲ್ಲಿಯಲ್ಲಿ ನೀರು ಬರಲಿ ಎಂದು ಕಾಯುವವರ ಹಾಗೆ. ಬರಲಿಲ್ಲ. ಎದ್ದು ಹೋದರು.

ಮೇಷ್ಟ್ರು ಬಂದಿದ್ದರು. ಅಕ್ಕನ ಪತ್ರಗಳನ್ನು ಪುಸ್ತಕ ಮಾಡುತ್ತಿರುವವರು. ರಿಟೈರ್ ಆದ ಮೇಲೆ ಬೇರೆಯವರು ತೋಟ ಮಾಡುತ್ತಾರೆ, ಇವರು ಅಕ್ಕನನ್ನು ಹಿಡಿದುಕೊಂಡಿದ್ದಾರೆ. ಮುನ್ನುಡಿ ಓದಿ ಹೇಳಿದರು. ಹದಿನೆಂಟು ಪುಟ. ನಮ್ಮ ಕಡೆ ಸ್ವಂತ ಹೆಸರಿನಲ್ಲಿ ಕಾದಂಬರಿ ಅಚ್ಚು ಹಾಕಿಸಿದ ಮೊದಲ ಹೆಂಗಸು. ಗಂಡನ ಹೆಸರು ಹಾಕೋಣ ಎಂದ ಪ್ರಕಾಶಕನ ಕೈಯಿಂದ ಹಸ್ತಪ್ರತಿ ಕಿತ್ತುಕೊಂಡು ಬಂದು ನಾಲ್ಕು ವರ್ಷ ಕಾದವಳು. ಪ್ರಶಸ್ತಿ ಪತ್ರದಲ್ಲಿ ‘ಪತಿಯ ಅನುಮತಿ ಪಡೆದು’ ಎಂದಿದ್ದುದಕ್ಕೆ ವೇದಿಕೆಯಿಂದಲೇ ಇಳಿದು ಬಂದವಳು. ಎಲ್ಲ ನಿಜ. ನಾನು ಕೆಳಗೆ ಮೊದಲ ಸಾಲಿನಲ್ಲಿ ಅವಳ ಕೈಚೀಲ ಹಿಡಿದು ಕೂತಿದ್ದೆ.

ಆದರೆ ಮೇಷ್ಟ್ರ ಕಣ್ಣು ಒದ್ದೆಯಾದದ್ದು ಬೇರೆ ಕಡೆ. ಟೈಲರಮ್ಮನ ಕತೆ ಬಂದಾಗ.

“ಧೈರ್ಯ ಬೇಕಾದಷ್ಟು ಜನಕ್ಕೆ ಇರತ್ತೆ ಚಿಕ್ಕಮ್ಮ. ನಂದೇ ತಪ್ಪು ಅಂತ ಒಬ್ಬ ಹುಡುಗಿ ಮುಂದೆ ಕೈಮುಗಿಯೋ ದೊಡ್ಡತನ ಯಾರಿಗಿರತ್ತೆ?”

ಊರಿಗೆಲ್ಲ ಅವಳು ಅಮ್ಮ, ಹಾಗಾಗಿ ಊರಿಗೆಲ್ಲ ನಾನು ಚಿಕ್ಕಮ್ಮ. ಹೂಂ ಎಂದೆ.

ಟೈಲರಮ್ಮನಿಗೆ ಆಗ ಹೋಗಿದ್ದ ಪತ್ರದ ಫೋಟೋವನ್ನು ಪುಸ್ತಕದ ಮೊದಲ ಪುಟಕ್ಕೆ ಹಾಕುತ್ತಾರಂತೆ. ಪ್ರಕಾಶಕರ ನಿಯಮ ಒಂದಿದೆ. ಮನೆಯವರೊಬ್ಬರು ಇದು ಅವರದೇ ಅಕ್ಷರ ಎಂದು ಬರೆದುಕೊಡಬೇಕು. ಟೈಪು ಮಾಡಿದರೆ ಆಗುವುದಿಲ್ಲ, ಕೈಯಲ್ಲೇ ಬರೆಯಬೇಕು. ಎರಡು ಸಾಲು. ವಾರದೊಳಗೆ ಸಾಕು ಎಂದರು.

ಮಾರ್ಚ್ 4, ಮಂಗಳವಾರ. ಸಂಜೆ ಐದು

ಟೈಲರಮ್ಮ ಈಗಷ್ಟೇ ಹೋದಳು. ಮಂಗಳವಾರ ಅವಳ ಅಂಗಡಿಗೆ ರಜೆ. ಮೂರೂವರೆಗೆ ಬರುತ್ತಾಳೆ. ಮೂವತ್ತಾರು ವರ್ಷದಿಂದ ಬರುತ್ತಿದ್ದಾಳೆ. ಅಕ್ಕನನ್ನು ನೋಡಲು ಬರುತ್ತಿದ್ದವಳು. ಈಗ ನನಗಾಗಿ. ಇನ್ನು ಯಾರೂ ಬರುವುದಿಲ್ಲ, ಮೇಷ್ಟ್ರನ್ನು ಲೆಕ್ಕಕ್ಕೆ ಹಿಡಿಯದಿದ್ದರೆ. ನನಗೆ ಬಗ್ಗಲು ಆಗುವುದಿಲ್ಲ, ಕಾಲಿನ ಉಗುರು ಅವಳೇ ಕತ್ತರಿಸುತ್ತಾಳೆ. ಇವತ್ತು ಎಡಗಾಲು ಮುಗಿಸಿ, “ನಿಮ್ ಉಗುರಿಗೆ ಬಟ್ಟೆ ಕತ್ರಿನೇ ಸರಿ ಚಿಕ್ಕಮ್ಮ” ಎಂದಳು. ಅವಳ ಬಲಗೈಯ ಎರಡು ಬೆರಳು ಮಡಿಸುವುದಿಲ್ಲ. ಬಟ್ಟೆಯನ್ನು ಅಂಗೈಯಿಂದ ತಳ್ಳಿಯೇ ಹೊಲಿಯುತ್ತಾಳೆ. ಹೊಲಿಗೆ ಮಾತ್ರ ನೇರ.

ಮೇಷ್ಟ್ರಿಗೆ ಕೊಡಬೇಕಾದ ಪತ್ರವನ್ನು ನನಗೆ ತೋರಿಸಲು ತಂದಿದ್ದಳು. ಪ್ಲಾಸ್ಟಿಕ್ ಕವರಿನಲ್ಲಿ, ಹಿಂದೆ ರಟ್ಟು ಇಟ್ಟು. ನಾಲ್ಕೇ ಸಾಲು. ‘ಮನೆಯ ಜಗಳಕ್ಕೆ ಹೆದರಿ ಓಡುವುದು ಧೈರ್ಯವಲ್ಲ, ಮಗು. ಹಿಂದಿರುಗು. ನಿಂತು ಮಾತಾಡು. ಮಾತಿಗೆ ಬಗ್ಗದ ಮನುಷ್ಯರಿಲ್ಲ.’ ಕೆಳಗೆ ಅಕ್ಕನ ಸಹಿ.

ಆಗ ಟೈಲರಮ್ಮನಿಗೆ ಇಪ್ಪತ್ತೆರಡು. ಸ್ನೇಹಿತೆಯ ಮನೆಯಲ್ಲಿ ಅಡಗಿ ಕೂತು ಅಕ್ಕನಿಗೆ ಬರೆದಿದ್ದಳು. ಉತ್ತರ ಸಿಕ್ಕ ದಿನವೇ ಗಂಡನ ಮನೆಗೆ ವಾಪಸು ಹೋದಳು. ಹನ್ನೊಂದನೇ ದಿನ ಕೈಗೆ ಬ್ಯಾಂಡೇಜು ಸುತ್ತಿಕೊಂಡು ನಮ್ಮ ಬಾಗಿಲಿಗೆ ಬಂದಳು. ಅಕ್ಕ ಕ್ಷಮೆ ಕೇಳಿದಳು, ಒಳಗೆ ಕರೆದಳು, ಎರಡು ವರ್ಷ ಇಟ್ಟುಕೊಂಡಳು, ಮಿಷನ್ನು ಕೊಡಿಸಿದಳು. ಅಂದಿನಿಂದ ಕಾದಂಬರಿ ಬರೆಯುವುದು ನಿಲ್ಲಿಸಿ ಕೊನೆಯವರೆಗೆ ಹೆಂಗಸರ ಕಾಗದಗಳಿಗೆ ಉತ್ತರ ಬರೆದಳು. ಇಷ್ಟೂ ಶಾಲೆಯ ಪಾಠದಲ್ಲಿದೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ.

ಪುಸ್ತಕ ಬಿಡುಗಡೆಯ ದಿನ ಇವಳೂ ಮಾತಾಡಬೇಕಂತೆ. ನನ್ನ ಮುಂದೆ ಒಂದು ಸಲ ಹೇಳಿ ನೋಡಿಕೊಂಡಳು. “ಅಷ್ಟು ದೊಡ್ಡೋರು ನನ್ನ ಕಾಗದ ಕೂತು ಓದಿದ್ರಲ್ಲ, ಅದೇ ನನಗೆ ಸಾಕು. ತಪ್ಪು ಯಾರಿಗೆ ಆಗಲ್ಲ?” ಇಲ್ಲಿ ನಿಲ್ಲಿಸಿ, ಚಪ್ಪಾಳೆ ಹೊಡೀತಾರಾ ಎಂದು ಕೇಳಿದಳು. ಹೊಡೆಯುತ್ತಾರೆ ಎಂದೆ.

ಮಾರ್ಚ್ 6

ದೃಢೀಕರಣ ಬರೆಯಲು ಕೂತೆ. ‘ಈ ಪತ್ರವು ನನ್ನ ಅಕ್ಕನ ಸ್ವಂತ ಕೈಬರಹದಲ್ಲಿದೆ ಎಂದು’— ನಿಲ್ಲಿಸಿದೆ.

ಬರೆದ ಸಾಲನ್ನು ನೋಡಿದೆ. ಮೊನ್ನೆ ನೋಡಿದ ಪತ್ರದ ಅದೇ ಅಕ್ಷರ. ಅದೇ ಬಾಲ ಎಳೆದ ಒತ್ತು, ಅದೇ ಎಡಕ್ಕೆ ವಾಲಿದ ದೀರ್ಘ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮೇಷ್ಟ್ರಂಥ ಮೇಷ್ಟ್ರಿಗೂ ಗೊತ್ತಾಗುತ್ತದೆ.

ಆ ಪತ್ರ ಬರೆದದ್ದು ನಾನು.

ಬರೆದುಬಿಟ್ಟೆ ಇಲ್ಲಿ. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ. ಏನೂ ಆಗಲಿಲ್ಲ. ಹೊರಗೆ ಪೇಪರಿನವನು ಬೆಲ್ಲು ಹೊಡೆದ. ಹೋಗಿ ತೆಗೆದುಕೊಂಡು ಬಂದೆ.

ಮಾರ್ಚ್ 7. ಬೆಳಿಗ್ಗೆ

ಪೂರ್ತಿ ಬರೆದಿಡುತ್ತೇನೆ. ಅರ್ಧ ಹೇಳಿ ಬಿಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ಅಕ್ಕನ ಕಾದಂಬರಿಗಳನ್ನೆಲ್ಲ ಪ್ರೆಸ್ಸಿಗೆ ಶುದ್ಧಪ್ರತಿ ಮಾಡುತ್ತಿದ್ದವಳು ನಾನು. ಅವಳ ಅಕ್ಷರ ನನ್ನ ಕೈಗೆ ಬಂದದ್ದು ಹಾಗೆ. ದಿನಕ್ಕೆ ಮೂವತ್ತು ನಲವತ್ತು ಕಾಗದ ಬರುತ್ತಿದ್ದವು. ಕಾದಂಬರಿ ಬರೆಯುವಾಗ ಅವಳು ಆ ಕಾಗದಗಳನ್ನು ಮುಟ್ಟುತ್ತಿರಲಿಲ್ಲ. “ತಲುಪಿತು ಅಂತ ಎರಡು ಸಾಲು ಹಾಕ್ಬಿಡೇ” ಎಂದಿದ್ದಳು. ಅಷ್ಟೇ ಅವಳು ಹೇಳಿದ್ದು. ನಾನು ಎರಡು ಸಾಲಿಗೆ ನಿಲ್ಲಲಿಲ್ಲ. ಬುದ್ಧಿ ಹೇಳತೊಡಗಿದೆ. ಅವಳ ಸಹಿ ಹಾಕಿದರೆ ನನ್ನ ಮಾತಿಗೂ ತೂಕ ಬರುತ್ತಿತ್ತು. ಚೆನ್ನಾಗಿ ಬರೆಯುತ್ತಿದ್ದೆ ಕೂಡ.

ಪ್ರೆಸ್ಸಿಗೆ ಕೊಡುವ ಹಾಳೆ ಒಂದೇ ಬದಿ ಬರೆದಿರಬೇಕು. ಅಚ್ಚಿನ ಮೊಳೆ ಜೋಡಿಸುವವನು ಹಾಳೆ ತಿರುಗಿಸುವುದಿಲ್ಲ, ಹಿಂದೆ ಬರೆದದ್ದು ಬಿಟ್ಟೇ ಹೋಗುತ್ತದೆ. ಹನ್ನೆರಡು ವರ್ಷ ನಾನು ಮುಟ್ಟಿದ ಹಾಳೆಗಳಿಗೆಲ್ಲ ಹಿಂಬದಿ ಖಾಲಿ. ಓದು, ಮಗುಚಿ ಇಡು, ಮುಂದಿನದು. ಕೈ ತಾನಾಗಿ ಹೋಗುತ್ತಿತ್ತು.

ಟೈಲರಮ್ಮನ ಕಾಗದ ಆರು ಹಾಳೆ. ಎರಡೂ ಬದಿ ಬರೆದಿದ್ದಳು. ನಾನು ಆರು ಬದಿ ಓದಿದೆ.

ಅತ್ತೆಯ ಮಾತು, ಬಟ್ಟೆ ಒಗೆಯುವ ಜಗಳ, ತವರಿಗೆ ಕಳಿಸದ ಕೋಪ. ಒಂದು ಹಾಳೆಯ ಕೊನೆಯ ವಾಕ್ಯ ಮುಂದಿನದಕ್ಕೆ ಕೂಡುತ್ತಿರಲಿಲ್ಲ. ಪಾಪ, ಓದು ಕಡಿಮೆ, ಬರೆಯಲು ಬಾರದು ಎಂದುಕೊಂಡೆ. ನಗು ಕೂಡ ಬಂತು. ಹಿಂದಿರುಗು ಎಂದು ಬರೆದೆ.

ಬ್ಯಾಂಡೇಜಿನ ಕೈ ಹಿಡಿದು ಬಂದವಳು ಬಾಗಿಲಲ್ಲೇ ಕೂಗಿದಳು. “ಎಲ್ಲಾ ಬರ್ದಿದ್ನಲ್ಲಾ ನಿಮ್ಗೆ! ಓದಿನೂ ಹಿಂಗ್ ಹೇಳಿದ್ರಾ?” ಅಕ್ಕ ನನ್ನ ಪತ್ರವನ್ನು ಅವಳ ಕೈಯಿಂದ ತೆಗೆದುಕೊಂಡು ನೋಡಿದಳು. ಒಳಗೆ ಹೋಗಿ ಡಬ್ಬದಿಂದ ಅವಳ ಕಾಗದ ತಂದಳು. ನಿಂತೇ ಓದಿದಳು. ಮೊದಲ ಹಾಳೆ ಮುಗಿಸಿ ತಿರುಗಿಸಿದಳು.

ಆಗ ನಾನು ಅಡಿಗೆಮನೆಯ ಬಾಗಿಲಲ್ಲಿದ್ದೆ. ಅಕ್ಕ ತಲೆಯೆತ್ತಿ ನನ್ನನ್ನು ನೋಡಿದಳು. ಒಂದೇ ಸಲ. ಮತ್ತೆ ಆರೂ ಹಾಳೆ, ಎರಡೂ ಬದಿ ಓದಿ ಮುಗಿಸಿ, ಆ ಹುಡುಗಿಗೆ ಕೈಮುಗಿದು, “ನಾನೇ ಬರೆದದ್ದು. ಸರಿಯಾಗಿ ಓದಲಿಲ್ಲ. ನನ್ನಿಂದ ತಪ್ಪಾಯ್ತು ಮಗು” ಎಂದಳು.

ನಾನು ಒಳಗೆ ಹೋಗಿ ಹಾಲು ಬಿಸಿ ಮಾಡಿದೆ.

ಆಮೇಲೆ ನನ್ನನ್ನು ಒಂದು ಮಾತು ಕೇಳಲಿಲ್ಲ. ಮಾರನೆಯ ದಿನ, “ಕಾಗದಗಳನ್ನ ಇನ್ಮೇಲೆ ನನ್ ಮೇಜಿನ್ ಮೇಲೆ ಇಡು” ಎಂದಳು. ಅಷ್ಟೇ. ಬರೆಯುತ್ತಿದ್ದ ಕಾದಂಬರಿ ನೂರ ಹನ್ನೆರಡನೇ ಪುಟಕ್ಕೆ ನಿಂತಿತು. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಳು. ಬೈದಿದ್ದರೆ ನಾನೂ ತಿರುಗಿ ಮಾತಾಡಬಹುದಿತ್ತು. ಅವಳನ್ನು ಅದಕ್ಕೆ ದ್ವೇಷಿಸಿದ್ದೇನೆ. ಕೆಲವು ವರ್ಷ ಚೆನ್ನಾಗಿಯೇ ದ್ವೇಷಿಸಿದ್ದೇನೆ.

ಮಾರ್ಚ್ 11, ಮಂಗಳವಾರ

ಟೈಲರಮ್ಮ ಬಂದಳು. ಹೇಳಲಿಲ್ಲ. ಬಲಗಾಲಿನ ಉಗುರು.

ಮಾರ್ಚ್ 12

ಮೇಷ್ಟ್ರು ಫೋನು. ದೃಢೀಕರಣ ಎಲ್ಲಿಗೆ ಬಂತು ಎಂದು. ಹೇಳಿಬಿಟ್ಟೆ, ಇದ್ದದ್ದು ಇದ್ದ ಹಾಗೆ.

“ಹಾಗಾದ್ರೆ ಅಮ್ಮ ಸುಳ್ಳು ಹೇಳಿದ್ರು ಅಂತಾಯ್ತಲ್ಲ?”

“ಹೌದು.”

“ಚಿಕ್ಕಮ್ಮ... ನಾನು ಹದಿನೆಂಟು ಪುಟ ಬರ್ದಿದೀನಿ.”

ಅಯ್ಯೋ ಪಾಪ ಎನ್ನಿಸಿತು, ನಿಜವಾಗಿ. ಸ್ವಲ್ಪ ಹೊತ್ತಿನ ಮೇಲೆ ಸುಧಾರಿಸಿಕೊಂಡರು. ಫೋಟೋ ಬೇಡ, ದೃಢೀಕರಣವೂ ಬೇಡ, ಕತೆ ಹೇಗಿದೆಯೋ ಹಾಗೇ ಇರಲಿ ಎಂದರು. ನನಗೂ ವಯಸ್ಸಾಯಿತಂತೆ, ಈಗ ಇದನ್ನೆಲ್ಲ ಕೆದಕಿ ಯಾರಿಗೇನು ಲಾಭ.

“ಟೈಲರಮ್ಮಂಗೆ ಮಾತ್ರ ಹೇಳ್ಬೇಡಿ. ಆ ಕಾಗದ ಹಿಡ್ಕೊಂಡೇ ಬದುಕಿರೋದು ಆಕೆ. ನಿಮಗೂ ಇನ್ಯಾರಿದಾರೆ ಹೇಳಿ?”

ಮನುಷ್ಯ ದಡ್ಡನಲ್ಲ. ಎಲ್ಲಿ ಮುಟ್ಟಿದರೆ ನೋಯುತ್ತದೆ ಎಂದು ಗೊತ್ತು. ಹೇಳಿದರೆ ನನ್ನ ಮಂಗಳವಾರ ಹೋಗುತ್ತದೆ. ಹೇಳದಿದ್ದರೆ ಅವಳು ವೇದಿಕೆ ಹತ್ತಿ, ಅಷ್ಟು ದೊಡ್ಡವರು ನನ್ನ ಕಾಗದ ಕೂತು ಓದಿದರು ಎನ್ನುತ್ತಾಳೆ. ಚಪ್ಪಾಳೆ ಬೀಳುತ್ತದೆ. ನಾನು ಕೆಳಗೆ ಮೊದಲ ಸಾಲಿನಲ್ಲಿ ಕೂತಿರುತ್ತೇನೆ.

ಮಾರ್ಚ್ 18, ಮಂಗಳವಾರ. ಐದೂವರೆ

ಹೇಳಿದೆ.

ಅವಳು ನನ್ನ ರವಿಕೆಗೆ ಹುಕ್ಕು ಹಾಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಹುಕ್ಕು ಮುಗಿಸಿ, ದಾರ ಹಲ್ಲಿನಲ್ಲಿ ಕಡಿದು, ಸೂಜಿಯನ್ನು ಡಬ್ಬಿಗೆ ಹಾಕಿ, ಆಮೇಲೆ ಕೇಳಿದಳು.

“ಅಮ್ಮ ಓದೇ ಇರ್ಲಿಲ್ವಾ?”

“ನೀನು ಬಂದ ದಿನವೇ ಅವಳು ಓದಿದ್ದು. ಅದಕ್ಕೆ ಮುಂಚೆ ಇಲ್ಲ.”

“ಓದಿದ್ದು ನೀವು.”

“ಅರ್ಧ. ಹಿಂದೆ ಬರೆದಿದೀಯ ಅಂತ ನನಗೆ ಗೊತ್ತಾಗ್ಲಿಲ್ಲ.”

“ಹಾಳೆ ಉಳಿಸ್ಬೇಕಿತ್ತು” ಎಂದಳು. ಅವಳೇ ತಪ್ಪು ಮಾಡಿದವಳ ಹಾಗೆ. ಅದನ್ನು ಕೇಳಿ ನನಗೆ ಏನೋ ಆಗಬೇಕಿತ್ತು. ಆಗಲಿಲ್ಲ.

“ಎರಡು ವರ್ಷ ಈ ಮನೇಲಿದ್ದೆ. ನೀವೇ ನನಗೆ ತಲೆ ಬಾಚಿದ್ರಿ, ಕೈ ಆಗಲ್ಲ ಅಂತ. ಆ ಕಾಗದ ಎಲ್ಲಿತ್ತು ಆಗ?”

“ಅಕ್ಕನ ಮೇಜಿನ ಡ್ರಾಯರಲ್ಲಿ. ಈಗಲೂ ಅಲ್ಲೇ ಇದೆ.”

“ಆಮೇಲಾದ್ರೂ ಓದಿದ್ರಾ? ಹಿಂದುಗಡೆ?”

ಇಲ್ಲ ಎಂದೆ. ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು ಎಂದು ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ರವಿಕೆಯನ್ನು ಮಡಚಿ ಕುರ್ಚಿಯ ಮೇಲೆ ಇಟ್ಟಳು. ಪ್ಲಾಸ್ಟಿಕ್ ಕವರನ್ನು ಚೀಲದಿಂದ ತೆಗೆದು ಅದರ ಮೇಲೆ ಇಟ್ಟಳು. ಬರ್ತೀನಿ ಎನ್ನಲಿಲ್ಲ. ಗೇಟು ಹಾಕಿಕೊಂಡು ಹೋದಳು.

ಮಾರ್ಚ್ 25, ಮಂಗಳವಾರ

ಬರಲಿಲ್ಲ. ಹದಿನಾಲ್ಕನೇ ಡಬ್ಬ.

ಏಪ್ರಿಲ್ 2

ಮೇಷ್ಟ್ರು ಗೇಟಿನಲ್ಲೇ ನಿಂತು ಮಾತಾಡಿದರು. ಟೈಲರಮ್ಮ ಭಾಷಣ ಮಾಡುವುದಿಲ್ಲವಂತೆ. ಕಾರಣ ಕೇಳಿದರೆ, ಅಂಗಡಿಯಲ್ಲಿ ಕೆಲಸ ಬಹಳ ಎಂದಳಂತೆ. “ಹೇಳ್ಬಿಟ್ರಾ ಚಿಕ್ಕಮ್ಮ?” ಎಂದರು. ಹೂಂ. “ಏನು ಸಾಧಿಸಿದ ಹಾಗಾಯ್ತು?” ನನಗೂ ಗೊತ್ತಿಲ್ಲ. ಅಕ್ಕನಿಗೆ ಗೊತ್ತಿತ್ತೇನೋ, ಹೇಳಿದರೆ ಏನಾಗುತ್ತದೆ ಎಂದು. ಅದಕ್ಕೇ ಬಾಯಿ ಬಿಡಲಿಲ್ಲವೇನೋ. ಅಥವಾ ನಾನೇ ಹೇಳಲಿ ಎಂದು ಮೂವತ್ತೆಂಟು ವರ್ಷ ಕಾದಳೋ. ಎರಡನೆಯದು ಇರಲಾರದು. ಇದ್ದರೂ ಈಗ ಕೇಳುವ ಹಾಗಿಲ್ಲ.

ಕಾಲಿನ ಹೆಬ್ಬೆರಳ ಉಗುರು ಚಪ್ಪಲಿಗೆ ತಾಗುತ್ತಿದೆ.

ಏಪ್ರಿಲ್ 8, ಮಂಗಳವಾರ

ಬಂದಳು. ಮೂರೂವರೆಗೇ. ಕೂರಲಿಲ್ಲ.

“ಡ್ರಾಯರ್ ತೆಗೀರಿ.”

ತೆಗೆದೆ. ಆರು ಹಾಳೆ, ಹಳದಿಯಾಗಿದೆ, ಮಡಿಕೆಯಲ್ಲಿ ಸವೆದಿದೆ. ಅಕ್ಕ ಎಷ್ಟು ಸಲ ತೆಗೆದು ಓದಿದ್ದಳೋ. ಟೈಲರಮ್ಮನಿಗೆ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ.

“ನಾನ್ಯಾಕೆ ಓದ್ಲಿ, ನಂಗ್ಗೊತ್ತು. ನೀವು ಓದಿ. ಜೋರಾಗಿ. ಎರಡೂ ಕಡೆ.”

ಓದಿದೆ. ಮೊದಲ ಹಾಳೆ, ಮುಂಬದಿ. ಅತ್ತೆ, ಬಟ್ಟೆ, ತವರು. ಮುಗಿಯದ ವಾಕ್ಯ. ತಿರುಗಿಸಿದೆ. ವಾಕ್ಯ ಮುಂದುವರಿಯಿತು. ಎಲ್ಲ ಸರಿಯಾಗಿ ಕೂಡುತ್ತಿತ್ತು. ಹುಡುಗಿ ಚೆನ್ನಾಗಿ ಬರೆಯುತ್ತಿದ್ದಳು, ಅಕ್ಕನ ಪುಸ್ತಕಗಳನ್ನೆಲ್ಲ ಓದಿದ ಹುಡುಗಿ. ಎರಡನೇ ಹಾಳೆಯ ಹಿಂದೆ ಗಂಡನ ಬೆಲ್ಟು. ಮೂರನೆಯದರ ಹಿಂದೆ, ‘ಇನ್ನೊಂದು ಸಲ ಮನೆ ಬಿಟ್ಟು ಹೋದರೆ ಬಾಗಿಲ ಸಂದಿಯಲ್ಲಿ ಕೈ ಇಟ್ಟು ಬಾಗಿಲು ಹಾಕುತ್ತೇನೆ ಎಂದಿದ್ದಾರೆ. ಹೇಳಿದ್ದನ್ನು ಮಾಡುವ ಮನುಷ್ಯ. ಈಗ ನಾನು ಬಿಟ್ಟು ಬಂದಿದ್ದೇನೆ ಅಮ್ಮ. ವಾಪಸು ಹೋಗಲೋ ಬೇಡವೋ ಅಷ್ಟು ಮಾತ್ರ ಹೇಳಿ.’

ಅಲ್ಲಿಗೆ ನಿಲ್ಲಿಸಿದೆ. “ಮುಂದೆ” ಎಂದಳು. ಓದಿದೆ. ನಾಲ್ಕು. ಐದು. ಅವಳು ಗೋಡೆಗೆ ಒರಗಿ ನಿಂತಿದ್ದಳು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು. ಆರನೆಯದರ ಮುಂಬದಿ ಮುಗಿದಾಗ ತಡೆಯಿರಿ ಎಂದು ಕೈ ಮಾಡಿ ಬಚ್ಚಲಿಗೆ ಹೋದಳು. ನೀರು ಬಿಟ್ಟ ಸದ್ದು. ಮುಖ ತೊಳೆಯುತ್ತಿದ್ದಾಳೆ. ಅಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ, ಕೈಗೆ ಏನಾದರೂ ಕೆಲಸ ಬೇಕು. ಅಕ್ಷರ ಸೊಟ್ಟಗೆ ಹೋಗುತ್ತಿದೆ. ಇದು ಅಕ್ಕನ ಅಕ್ಷರದ ಹಾಗಿಲ್ಲ, ನನ್ನದರ ಹಾಗೂ ಇಲ್ಲ.

ನೀರು ನಿಂತಿತು. ಬರುತ್ತಿದ್ದಾಳೆ. ಇನ್ನೊಂದು ಬದಿ ಉಳಿದಿದೆ. ಹಾಳೆ ನನ್ನ ಕೈಯಲ್ಲೇ ಇದೆ, ಅವಳು ಬಂದು ನಿಂತ ಮೇಲೆ ತಿರುಗಿಸುತ್ತೇನೆ, ಅವಳ ಎದುರಿಗೇ