ಅಡುಗೆಮನೆಯಲ್ಲಿ ಸಮುದ್ರಪಾಠ

ಮನೆಯಿಂದ,
ಮೂರನೇ ತಾರೀಕು, ಬೆಳಿಗ್ಗೆ

ಪ್ರೀತಿಯ ಮಗನಿಗೆ ಅಮ್ಮನ ಆಶೀರ್ವಾದ.

ನಿನ್ನ ಬೆನ್ನುನೋವು ಹೇಗಿದೆ? ಭಾರ ಎತ್ತಬೇಡ ಅಂದರೆ ಕೇಳುವವನಲ್ಲ ನೀನು, ಆದರೂ ಹೇಳುತ್ತೇನೆ. ನನ್ನ ಮಂಡಿ ಹಾಗೇ ಇದೆ, ಅದರ ವಿಷಯ ಬಿಡು.

ನಿನ್ನ ತಂಗಿಯಿಂದ ನನಗಂತೂ ಸಾಕುಸಾಕಾಗಿದೆ. ಹನ್ನೆರಡು ವರ್ಷ ಸಮುದ್ರದ ಜೀವಿಗಳ ಮೇಲೆ ಸಂಶೋಧನೆ ಮಾಡಿದವಳು ಈಗ ದೋಣಿ ಕಂಪನಿಯಲ್ಲಿ ಪ್ರವಾಸಿಗರಿಗೆ ಪಾಠ ಹೇಳುತ್ತಾಳೆ. ಪಕ್ಕದ ಮನೆಯಾಕೆ "ನಿಮ್ಮ ಮಗಳು ಮೈಕು ಹಿಡ್ಕೊಂಡು ಮೀನು ತೋರಿಸ್ತಾಳಂತೆ, ಹೌದಾ?" ಅಂದಾಗ ನಾನು ಹಿಂಡಿದ ಬಟ್ಟೆಯನ್ನೇ ಇನ್ನೊಮ್ಮೆ ಹಿಂಡಿದೆ. ಪಾಠದ ತಾಲೀಮೆಲ್ಲ ನನ್ನ ಅಡುಗೆಮನೆಯಲ್ಲೇ. ಮೊದಲಿನ ಕೆಲಸದಲ್ಲಿ ಸಮುದ್ರದಂಚಿನ ಬಂಡೆಯ ಮೇಲಿಟ್ಟು ಒಳಗಿನ ಚಿಪ್ಪುಗಳನ್ನು ಎಣಿಸುತ್ತಿದ್ದ ಚೌಕಟ್ಟು ಇದೆಯಲ್ಲ, ಅದನ್ನು ನೆಲದ ಮೇಲಿಟ್ಟು, ನಾನು ಆರಿಸಿಟ್ಟ ಕಾಳನ್ನೆಲ್ಲ ಅದರೊಳಗೆ ಸುರಿಯುತ್ತಾಳೆ. ಕಾಳೇ ಚಿಪ್ಪು, ನಾನೇ ಪ್ರವಾಸಿ. "ಎಣಿಸಮ್ಮ, ಆಮೇಲೆ ಏನಾದ್ರೂ ಪ್ರಶ್ನೆ ಕೇಳು" ಅಂತಾಳೆ. ಸಿಟ್ಟಿನಲ್ಲಿ "ಇದನ್ನ ತಿನ್ನಬಹುದಾ?" ಅಂದೆ. "ಭೇಷ್! ಎಲ್ಲರೂ ಮೊದಲು ಕೇಳೋದು ಅದನ್ನೇ" ಅಂತ ಬಿದ್ದು ಬಿದ್ದು ನಕ್ಕಳು. ನಿಮ್ಮಪ್ಪ ತೀರಿಕೊಂಡ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಒಲೆಯ ಮೇಲೆ ಹಾಲು ಉಕ್ಕಿದ್ದೂ ನನಗೆ ಗೊತ್ತಾಗಲಿಲ್ಲ.

ನಿಮ್ಮಪ್ಪ ಹೋದಾಗ ಇವಳು ಸಂಶೋಧನೆಯವರ ದ್ವೀಪದ ಶಿಬಿರದಲ್ಲಿದ್ದಳು. ಸುದ್ದಿ ಮುಟ್ಟಿದ್ದು ಎರಡು ದಿನ ಬಿಟ್ಟು. ಬಂದವಳಿಗೆ ಅಪ್ಪನ ಮುಖ ನೋಡಲೂ ಸಿಗಲಿಲ್ಲ. ಕೆಲಸ ಬಿಟ್ಟದ್ದು ಅದಕ್ಕೇ ಅಂತ ಬಾಯಿಬಿಟ್ಟು ಹೇಳುವುದಿಲ್ಲ. "ಜನಕ್ಕೂ ಸಮುದ್ರ ಗೊತ್ತಾಗ್ಬೇಕಲ್ಲಮ್ಮ" ಅಂತ ನನ್ನ ಹತ್ತಿರವೇ ವಾದ. ಓದಿದ್ದೆಲ್ಲ ನೀರಲ್ಲಿ ಹೋಮ ಮಾಡಿದೆ ಕಣೇ ಅಂತ ನಾನೂ ದಿನಾ ಬೈಯುತ್ತೇನೆ.

ಮಕ್ಕಳಿಗೆ ನನ್ನ ಮುದ್ದು, ಸೊಸೆಗೆ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಉಣ್ಣು, ತಂಪಾಗಿರು.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಹೇಳಿಬಿಡುತ್ತೇನೆ. ಹೋದ ವಾರ ಅವಳಿಲ್ಲದಾಗ ಸಂಶೋಧನಾ ಕೇಂದ್ರದ ಹಿರಿಯರು ಮನೆಗೆ ಫೋನು ಮಾಡಿದ್ದರು. ಅವರ ಫೋನನ್ನು ಅವಳು ಎತ್ತುವುದೇ ಇಲ್ಲವಂತೆ. ಅವಳ ಜಾಗ ಇನ್ನೂ ಖಾಲಿ ಇದೆ, ಮತ್ತೆ ಅದೇ ದ್ವೀಪಕ್ಕೆ ಹೋಗಬೇಕು, ಆರು ತಿಂಗಳು ಅಂದರು. ನಾನು "ಅವಳು ಬರಲ್ಲ ಸಾರ್" ಅಂತ ಫೋನಿಟ್ಟೆ. ಅವಳನ್ನು ಕೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ. ಬೈಯುವುದನ್ನು ಮಾತ್ರ ನಿಲ್ಲಿಸಿಲ್ಲ. ಈ ತಿಂಗಳ ಕೊನೆಯವರೆಗೆ ಕಾಯುತ್ತಾರಂತೆ. ನೀನೇ ಅವಳಿಗೆ ತಿಳಿಸು. ನಾನು ಹೇಳಹೊರಟರೆ "ಹೋಗಬೇಡ" ಅಂದುಬಿಡುತ್ತೇನೆ.