ಹಾಸಿನ ಅಂಚಿನಲ್ಲಿ ಕೆಂಪು ಚಪ್ಪಲಿ

ಪ್ರೀತಿಯ ಮಿಯೋರಿ,

ನೀನೂ ಮಗುವೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ಹಿರೊಸಾಕಿಯ ಕೋಟೆ ಉದ್ಯಾನದಲ್ಲಿ ಚೆರ್ರಿ ಹೂ ಉದುರುತ್ತಿದೆ. ಕಂದಕದ ನೀರೇ ಕಾಣದಷ್ಟು ಎಸಳು; ನಡೆದೇ ದಾಟಿಬಿಡಬಹುದು ಅನ್ನಿಸುತ್ತದೆ.

ನೀನು ಮದುವೆಯಾಗಿ ಹೋದಾಗಿನಿಂದ ಅಪ್ಪ ನಿನ್ನ ಹೆಸರೆತ್ತಿಲ್ಲ. ನಿನ್ನೆ ಹೂ ನೋಡುವ ಊಟಕ್ಕೆ, ಪ್ರತಿ ವರ್ಷದ ನಮ್ಮ ಮರದಡಿ ಜಾಗ ಹಿಡಿಯಲು ಅವರೇ ಮೊದಲು ಹೋದರು. ನಾನು ಬುತ್ತಿ ತೆಗೆದುಕೊಂಡು ಹೋಗಿ ನೋಡಿದರೆ, ಹಳೆಯ ದೊಡ್ಡ ನೀಲಿ ಹಾಸು ಹಾಸಿದ್ದರು. ಅಂಚಿನಲ್ಲಿ ಅವರು ಕಳಚಿಟ್ಟ ಚಪ್ಪಲಿಯ ಪಕ್ಕ, ನೀನು ಮನೆಯಲ್ಲೇ ಬಿಟ್ಟುಹೋದ ಕೆಂಪು ಚಪ್ಪಲಿ.

"ಅಜ್ಜಾ, ಇಷ್ಟು ಜಾಗ ಖಾಲಿ ಇದೆಯಲ್ಲ, ಸ್ವಲ್ಪ ಸರೀತೀರಾ?" ಎಂದಳು ಪಕ್ಕದ ಹೆಂಗಸು.

"ಚಪ್ಪಲಿ ಕಾಣ್ಸಲ್ವೇನಮ್ಮಾ? ನಮ್ಮ ಹುಡುಗಿ ಇಲ್ಲೇ ಎಲ್ಲೋ ಹೋಗಿದಾಳೆ, ಬರ್ತಾಳೆ!" ಎಂದು ಗದರಿಬಿಟ್ಟರು.

ಸಂಜೆಯ ಹೊತ್ತಿಗೆ ಆ ಚಪ್ಪಲಿಯ ತುಂಬ ಎಸಳು. ಅಪ್ಪ ಕೊಡವಲಿಲ್ಲ, ತುಂಬಿದ ಬಟ್ಟಲಿನಂತೆ ಅದನ್ನು ಹಿಡಿದು ಮನೆಯವರೆಗೂ ಮೆಲ್ಲಗೆ ನಡೆದರು.

ಒಂದು ಕೆಲಸ ಮಾಡು. ಮಗುವಿನ ಪಾದವನ್ನು ಕಾಗದದ ಮೇಲಿಟ್ಟು, ಸುತ್ತ ಗೆರೆ ಎಳೆದು ಕಳಿಸು. ಬರುವ ವಸಂತಕ್ಕೆ ನಿನ್ನ ಚಪ್ಪಲಿಯ ಪಕ್ಕ ಪುಟ್ಟದೊಂದು ಜೋಡಿ ಬೇಕಂತೆ. ಅಪ್ಪ ಹೀಗೆಂದು ನನಗೇನೂ ಹೇಳಲಿಲ್ಲ. ಮರಕ್ಕೆ ಹೇಳುತ್ತಿದ್ದರು, ನಾನು ಪಕ್ಕದಲ್ಲಿದ್ದೆ.

ನಿನ್ನ ಉತ್ತರಕ್ಕೆ ಕಾಯುತ್ತಿರುವ,
ಅಮ್ಮ