ನೆಲಮಾಳಿಗೆಯ ಅವಳಿ

ಮಾರ್ಚ್ 3, ಬೆಳಿಗ್ಗೆ
ಪ್ರೆಸ್ಸಿಗೆ ರಜೆ ಹಾಕಿದೆ. ಭಾನುವಾರದ ಓದುಗರ ಕೂಟಕ್ಕೆ ಪ್ರಬಂಧ ಬರೆಯುತ್ತಿದ್ದೇನೆ—ಅನುವಾದವಾದ ಆ ಹಳೆಯ ಗೋಥಿಕ್ ಕಾದಂಬರಿಯ ಮೇಲೆ. ಕೋಟೆಯ ಒಡೆಯ ಮೃದು ಮನುಷ್ಯ. ನೆಲಮಾಳಿಗೆಯಲ್ಲಿ ಕೂಡಿಹಾಕಿದ ಅವಳಿ ತಮ್ಮ ಆಗಾಗ ಮೇಲೆ ಬಂದು ಒಡತಿಯನ್ನು ಬಡಿಯುತ್ತಾನೆ. ನನ್ನ ವಾದ: ತಮ್ಮನೆಂಬವನೇ ಇಲ್ಲ. ಅವನು ಒಡೆಯನ ಅದುಮಿಟ್ಟ ಬಾಲ್ಯ; ನೆಲಮಾಳಿಗೆಯೆಂದರೆ ಅವನ ಸುಪ್ತಮನಸ್ಸು. ಕೊನೆಯಲ್ಲಿ ಒಡತಿ ಕೆಳಗಿಳಿದು ಅವನ ತಲೆ ಸವರುತ್ತಾಳೆ. ಅವನು ಅಳುತ್ತಾನೆ. ವಾಸಿಯಾಗುತ್ತಾನೆ.

ಪಕ್ಕದ ಕೋಣೆಯಲ್ಲಿ ಅಕ್ಕ. ಭಾವ ಇಸ್ತ್ರಿಪೆಟ್ಟಿಗೆಯಲ್ಲಿ ಹೊಡೆದ ದವಡೆಯ ಊತ ಇನ್ನೂ ಇಳಿದಿಲ್ಲ. ಸ್ಟ್ರಾದಲ್ಲಿ ಹಾಲು.

ಮಾರ್ಚ್ 5
ಭಾವ ಬಂದಿದ್ದರು. ಕನ್ನಡಕದ ಅಂಗಡಿಯವರು, ಗಿರಾಕಿಗಳ ಮುಂದೆ ಬೆಣ್ಣೆಯಂಥ ಮಾತು. ನಾನು ಬಾಗಿಲಿನ ಚೈನ್ ತೆಗೆಯಲಿಲ್ಲ.
"ಕಳಿಸ್ತೀಯೋ, ಎಳ್ಕೊಂಡ್ ಹೋಗ್ಲೋ?"
ಕಿಟಕಿ ಗಾಜಿಗೆ ಗುದ್ದಿದರು. ನೆಲವೆಲ್ಲ ಚೂರು, ಅವರ ಕೈಯ ರಕ್ತ. ಅಕ್ಕ ಬ್ಯಾಂಡೇಜ್ ಹುಡುಕುತ್ತಿದ್ದಳು—ಅವರಿಗೆ.

ಮಾರ್ಚ್ 9, ಸಂಜೆ
ಕೂಟದಲ್ಲಿ ಪ್ರಬಂಧ ಓದಿದೆ. ಚಪ್ಪಾಳೆ. ಕೂಟದ ದಂತವೈದ್ಯರೊಬ್ಬರು ಎದ್ದು ನಿಂತು, "ಹಾಗಾದ್ರೆ ನನ್ನಾಕೆ ಬಯ್ಯೋದೆಲ್ಲ ಅವಳಪ್ಪನಿಗೆ ಅನ್ನಿ. ನಾನು ಬರೀ ಪೋಸ್ಟ್‌ಮ್ಯಾನ್" ಎಂದರು. ಎಲ್ಲರೂ ನಕ್ಕರು. ಹಿಂದಿನ ಸಾಲಿನಲ್ಲಿ ಅಕ್ಕ ನಗಲಿಲ್ಲ.
ದಾರಿಯಲ್ಲಿ ಅಕ್ಕ: "ನಿನ್ನ ಭಾವನ್ನ ಚಿಕ್ಕೋರಿದ್ದಾಗ ಅವರಪ್ಪ ಗೋಡೌನಲ್ಲಿ ಕೂಡಿಹಾಕ್ತಿದ್ರು ಕಣೋ. ನಾನು ಬರೀ ಹೆದರ್ಕೊಂಡೇ ಇದ್ದೆ. ಒಂದಿನ ಹತ್ರ ಹೋಗಿ ನೋಡ್ಲಿಲ್ಲ."
"ಅದು ಕಾದಂಬರಿ, ಅಕ್ಕ."
"ಅರ್ಥ ಹೇಳಿದ್ದು ನೀನೇ ಅಲ್ವಾ?"
ನನಗೆ ಹೆಮ್ಮೆಯೆನಿಸಿತು.

ಮಾರ್ಚ್ 10
ಅಕ್ಕ ಭಾವನ ಮನೆಗೆ ಹೊರಟುಹೋದಳು. ಪ್ರಬಂಧದ ಪ್ರತಿ ಜೊತೆಯಲ್ಲಿ. ತಡೆದೆ... ಸಾಕಷ್ಟು ತಡೆಯಲಿಲ್ಲ.

ಮಾರ್ಚ್ 22
ಭಾವನ ಫೋನ್.
"ನಿನ್ನ ಲೇಖನ ಓದ್ದೆ ಕಣಯ್ಯಾ. ನನ್ನನ್ನ ಇಷ್ಟು ಅರ್ಥ ಮಾಡ್ಕೊಂಡೋರು ಯಾರೂ ಇಲ್ಲ."
"ಫೋನ್ ಅಕ್ಕನಿಗೆ ಕೊಡಿ."
"ನನ್ನ ತಲೆ ಸವರ್ತಿದ್ದಾಳೆ. ಕೈಗೆ ಬಿಡುವಿಲ್ಲ."
ನಕ್ಕು ಫೋನ್ ಇಟ್ಟರು.

ಮಾರ್ಚ್ 24, ಮಧ್ಯಾಹ್ನ
ಅದೇ ಕಾದಂಬರಿಯ ಹೊಸ ಅನುವಾದ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಲು ನನಗೆ ಬಂದಿದೆ. ಪೂರ್ಣ ಪಾಠ. ನಾನು ಓದಿದ್ದು ಸಂಕ್ಷಿಪ್ತ. ಕೊನೆಯ ಅಧ್ಯಾಯವನ್ನೇ ಕೈಬಿಟ್ಟಿದ್ದರು. ಅತ್ತವನು, ಸವರಿದ ಕೈಯನ್ನೇ ತಿರುಚಿ ಮುರಿಯುತ್ತಾನೆ. ಆಮೇಲೆ ಒಡತಿಯ ಕತ್ತು. ಕೊಲ್ಲುವವನ ಬೆರಳಲ್ಲಿ ಒಡೆಯನ ಉಂಗುರ. ಅವಳಿ ಇಲ್ಲ—ಅಷ್ಟು ಸರಿ. ಕೊಂದವನು ಪೂರ್ತಿ ಎಚ್ಚರದಲ್ಲಿದ್ದ ಒಡೆಯನೇ.
ಅಕ್ಕ ಫೋನ್ ಎತ್ತುತ್ತಿಲ್ಲ. ಅವಳ ಮನೆಗೆ ಹೊರಟೆ.

ಅದೇ ದಿನ, ಸಂಜೆ, ಆಸ್ಪತ್ರೆ
ನಾನು ತಲುಪಿದಾಗ ಅಕ್ಕ ಅಡುಗೆಮನೆಯ ನೆಲದ ಮೇಲಿದ್ದಳು. ಬಲಗೈ ಮೊಣಕೈಯಿಂದ ಹಿಂದಕ್ಕೆ ಮಡಚಿತ್ತು. ಕತ್ತಿನ ಮೇಲೆ ಬೆರಳುಗಳ ಗುರುತು. ಭಾವ ಸಿಂಕಿನಲ್ಲಿ ಕೈ ತೊಳೆಯುತ್ತಿದ್ದರು.
"ನೀನೇ ಬರೆದಿದ್ದೀಯಲ್ಲಪ್ಪ, ಅದು ನಾನಲ್ಲ ಅಂತ."
ಸ್ಟೂಲ್ ಎತ್ತಿ ಹೊಡೆದೆ. ಬಿದ್ದ ಮೇಲೂ ಹೊಡೆದೆ. ಅವರ ಕೈಯಾಡುವುದು ನಿಂತ ಮೇಲೂ.
ಅಕ್ಕ ಉಳಿಯುತ್ತಾಳಂತೆ. ಕಣ್ಣು ಬಿಟ್ಟು ಕೇಳಿದ ಮೊದಲ ಮಾತು: "ಅವರೆಲ್ಲಿ?" ಹೊದಿಕೆ ಸರಿಮಾಡಿ ಹೊರಗೆ ಬಂದೆ.
ಕಾರಿಡಾರಿನ ತುದಿಯಲ್ಲಿ ಪೊಲೀಸಿನವರು ನರ್ಸನ್ನು ವಿಚಾರಿಸುತ್ತಿದ್ದಾರೆ. ಹೇಳಬೇಕಾದ್ದನ್ನು ಬರೆದುಕೊಳ್ಳುತ್ತಿದ್ದೇನೆ. ಕೊಂದವರು ಯಾರು ಎಂದು ಕೇಳಿದರೆ, ನಾನು. ಯಾಕೆ ಎಂದು ಕೇಳಿದರೆ—